ಕುತ್ತಿಗೆಯ ತಾಲೀಮು

ಕುತ್ತಿಗೆಗೆ ಆಪರೇಶನ್ ಮಾಡಿಸಿಕೊಳ್ಳುವ ಮೊದಲೇ, ಮಾಡಿಸಿಕೊಂಡ ಮೇಲಿನ ಬದುಕನ್ನು ಹದಿನೈದು ದಿನ ಬಾಡಿಗೆಗೆ ತಂದು ನೋಡುವಂತಿದ್ದರೆ? ರುಚಿಸಿದರೆ ಮಾಡಿಸಿಕೊಳ್ಳಿ, ಇಲ್ಲವಾದರೆ ಬಿಡಿ ಎಂದುಬಿಟ್ಟರೆ? ತೀರ್ಮಾನ ಸಲೀಸಾಗುತ್ತದೆ ಎಂದು ನೀವೂ ನಾನೂ ಅಂದುಕೊಳ್ಳುತ್ತೇವೆ. ಆ ಯಂತ್ರವನ್ನು ಕಂಡುಹಿಡಿದವರೂ ಹಾಗೆಯೇ ಅಂದುಕೊಂಡಿದ್ದರು. ಪಾಪ, ಅವರಿಗೆ ಗುಳೇದಗುಡ್ಡದ ಕಸ್ತೂರಿಯಾಗಲಿ ಅವಳ ನೆಗೆಣ್ಣಿ ದಾನಮ್ಮನಾಗಲಿ ಪರಿಚಯವಿರಲಿಲ್ಲ.

ಕಸ್ತೂರಿ ಖಣ ನೇಯುವವಳು. ಖಣ ಎಂದರೆ ರವಿಕೆಗೆ ಹೊಲಿಸುವ, ಆ ಊರಿಗೆ ಹೆಸರು ತಂದ ಬಟ್ಟೆ. ಊರಿಗೆ ಎಂತೆಂಥ ಮಗ್ಗಗಳು ಬಂದು, ಈಗೀಗ ಮನುಷ್ಯರೇ ಇಲ್ಲದೆ ತಾವೇ ನೇಯುವ ಮಗ್ಗಗಳೂ ಬಂದು ಕೂತರೂ, ಕಸ್ತೂರಿಯ ಮನೆಯ ಕುಣಿಮಗ್ಗ ಮಾತ್ರ ನಿಂತಿರಲಿಲ್ಲ. ಕುಣಿಯಲ್ಲಿ ಕಾಲು ಇಳಿಬಿಟ್ಟು, ಕತ್ತು ಬಗ್ಗಿಸಿ, ಬಲಗೈಯಲ್ಲಿ ಹಗ್ಗ ಜಗ್ಗಿ ಲಾಳಿ ಓಡಿಸುತ್ತ ಅವಳು ಸೊಸೆಯಾಗಿ ಬಂದಂದಿನಿಂದ ಅಲ್ಲೇ ಕೂತವಳು. ಕತ್ತು ಎಷ್ಟೆಂದು ತಡೆದೀತು? ಮೊದಲು ಭುಜದಲ್ಲಿ ಚಳುಕು ಬಂತು. ಆಮೇಲೆ ತೋಳಿನುದ್ದಕ್ಕೂ ಉರಿ. ಕೊನೆಗೆ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದವು. ನೋವನ್ನು ಕಸ್ತೂರಿ ಹಲ್ಲು ಕಚ್ಚಿ ಸಹಿಸಿಯಾಳು. ಜೋಮು ಅವಳ ಅನ್ನಕ್ಕೇ ಕೈ ಹಾಕಿತು. ಎಳೆ ಕಡಿದರೆ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗಬೇಕು; ಈಗ ಗೇಣುದ್ದ ನೇಯ್ದಾದ ಮೇಲೆ ತಪ್ಪು ಕಾಣುತ್ತಿತ್ತು, ಬಿಚ್ಚಿ ಮತ್ತೆ ನೇಯಬೇಕಾಗುತ್ತಿತ್ತು.

ಗಂಡ ಮಲ್ಲೇಶಪ್ಪ ಅವಳನ್ನು ಹುಬ್ಬಳ್ಳಿಯ 'ನರಸೇತು' ಕೇಂದ್ರಕ್ಕೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ವಿರೂಪಾಕ್ಷ ಹಂಚಿನಮನಿ ಸ್ಕ್ಯಾನ್ ನೋಡಿ, ಕುತ್ತಿಗೆಯ ಎರಡು ಎಲುಬುಗಳ ನಡುವಿನ ಮೆತ್ತೆ ಜಾರಿ ಬಲಗೈಗೆ ಹೋಗುವ ನರದ ಮೇಲೆ ಕೂತಿದೆ ಎಂದರು.

"ಹತ್ತು ಮಂದ್ಯಾಗ ಏಳೆಂಟು ಮಂದೀಗೆ ಇದು ತಾನಾಗೇ ಕಡಿಮಿ ಆಗ್ತದ್ರಿ. ಉಳದವರಿಗೆ ಆಪರೇಶನ್ ಬೇಕು. ಬ್ಯಾಡಂತ ಬಿಟ್ರ ಕೈಯಾಗಿನ ಶಕ್ತಿ ಹೋದದ್ದು ಹೋಗೇಬಿಡ್ತದ. ನೀವು ಯಾವ ಸಾಲಿನಾಗ ಅದೀರಿ ಅಂತ ಬರೇ ಸ್ಕ್ಯಾನ್ ನೋಡಿ ಹೇಳಾಕ ಬರಂಗಿಲ್ಲ."

"ಎಲ್ಲಿ ಕೊಯ್ತೀರಿ?" ಕಸ್ತೂರಿ ಕೇಳಿದಳು.

"ಮುಂದಿನಿಂದ. ಗಂಟಲ ಬಾಜೂಕ."

"ನೋವು ಹಿಂದ, ಕೊಯ್ಯೂದು ಮುಂದ! ಇದ್ಯಾವ ನ್ಯಾಯರಿ?"

ಡಾಕ್ಟರು ನಕ್ಕರು. ಆದರೆ ಮುಚ್ಚಿಡಲಿಲ್ಲ. ಧ್ವನಿ ಒಂದಿಷ್ಟು ದಿನ ಗೊಗ್ಗರಾಗಬಹುದು, ಬಹಳ ಅಪರೂಪಕ್ಕೆ ಹಾಗೆಯೇ ಉಳಿಯಲೂಬಹುದು ಎಂದರು. ಕಸ್ತೂರಿಯ ಕೈ ತಾನಾಗಿಯೇ ಗಂಟಲ ಮೇಲೆ ಹೋಯಿತು. ಇಡೀ ಓಣಿಗೆ ಕೇಳುವ ಗಂಟಲು ಅದು.

ಊರಿಗೆ ಬಂದರೆ ಸಲಹೆಗಳ ಸುರಿಮಳೆ. ಒಬ್ಬಳು ಎಣ್ಣೆ ತಿಕ್ಕು ಎಂದಳು, ಇನ್ನೊಬ್ಬಳು ತಿಕ್ಕಿದರೆ ಕೆಡುತ್ತದೆ ಎಂದಳು. ಪಕ್ಕದ ಮನೆಯ ಯಜಮಾನ, ಕುತ್ತಿಗೆಗೆ ಕತ್ತರಿ ಹಾಕಿಸಿಕೊಂಡವರು ಯಾರೂ ಎದ್ದು ಕೂತದ್ದಿಲ್ಲ ಎಂದು ಆಣೆ ಮಾಡಿ ಹೇಳಿದ. ಅಂಥ ಒಬ್ಬರನ್ನಾದರೂ ಹೆಸರಿಸು ಎಂದರೆ ಕೆಮ್ಮಿದ. ಕಸ್ತೂರಿ ಮುಂಜಾನೆ ಮಾಡಿಸಿಕೊಳ್ಳುತ್ತೇನೆ ಎನ್ನುವಳು, ಸಂಜೆಗೆ ಬೇಡ ಎನ್ನುವಳು. ಕೈ ಬೇಕು, ಗಂಟಲೂ ಬೇಕು. ಅತ್ತ ದರಿ, ಇತ್ತ ಪುಲಿ.

ಅದಕ್ಕೇ ಡಾಕ್ಟರು ಅವಳಿಗೆ ತಾಲೀಮು ಪಟ್ಟಿ ಕೊಡಿಸಿದರು. ನಾಟಕಕ್ಕೆ ಮುಂಚೆ ತಾಲೀಮು ಇರುವಂತೆ ಆಪರೇಶನ್ನಿಗೂ ತಾಲೀಮು. ಕೇಂದ್ರದ ಮೇಲಿನ ಮಹಡಿಯಲ್ಲಿ ಒಂದು ದೊಡ್ಡ ಕೋಣೆ, ಗೋಡೆಯ ತುಂಬ ಪರದೆಗಳು. ಒಂದೊಂದು ಪರದೆಯಲ್ಲಿ ಯಾವುದೋ ಊರಿನ ಯಾರದೋ ಕುತ್ತಿಗೆಯ ನರದ ಗೆರೆಗಳು ಏರಿಳಿಯುತ್ತಿದ್ದವು. ಅಲ್ಲಿಯ ಇಂಜಿನಿಯರು ಜೆಸಿಂತಾ ಲೋಬೋ, ಮಂಗಳೂರಿನ ಕಡೆಯವಳು, ಮೆತ್ತನೆಯ ಬೂದು ಪಟ್ಟಿಯನ್ನು ಕಸ್ತೂರಿಯ ಕುತ್ತಿಗೆಗೆ ಸುತ್ತಿ ವಿವರಿಸಿದಳು. ಮಿದುಳಿನಿಂದ ಕೈಗೆ ಹೊರಟ ಸಂದೇಶವನ್ನು ಪಟ್ಟಿಯ ಮೇಲಂಚು, ನರ ಒತ್ತಿಹೋದ ಜಾಗಕ್ಕಿಂತ ಮೊದಲೇ ಹಿಡಿಯುತ್ತದೆ. ಕೆಳಅಂಚು ಅದನ್ನು ಆಚೆ ದಾಟಿಸುತ್ತದೆ. ಬೆರಳಿನ ಸ್ಪರ್ಶವೂ ಅದೇ ದಾರಿಯಲ್ಲಿ ವಾಪಸು ಬರುತ್ತದೆ.

"ಸೇತುವೆ ಬಿದ್ದ ತೋಡಿಗೆ ಹಲಗೆ ಹಾಕಿದ ಹಾಗೆ ಅಂತ ಇಟ್ಕೊಳ್ಳಿ" ಎಂದಳು ಜೆಸಿಂತಾ. "ಆಪರೇಶನ್ ಆದ್ಮೇಲೆ ಕೈ ಹೇಗಿರ್ತದೆ ಅಂತ ನಿಮಗೆ ಗೊತ್ತಾಗ್ತದೆ. ನಡುನಡುವೆ ಇದು ತಾನೇ ಹಲಗೆ ತೆಗೀತದೆ, ನಿಮ್ಮ ನರಕ್ಕೆ ಸ್ವಂತ ಎಷ್ಟು ಶಕ್ತಿ ಉಂಟು ಅಂತ ನೋಡ್ತದೆ. ಬೆನ್ನುಹುರಿಯದ್ದೂ, ನೀವು ಕತ್ತು ಕೈ ಆಡಿಸುದೂ ಎಲ್ಲ ಇದ್ರಲ್ಲಿ ದಾಖಲಾಗ್ತದೆ."

"ಇದನ್ನ ಹಂಗ ಹಾಕ್ಕೊಂಡಿದ್ರ ಆಪರೇಶನ್ನ ಬ್ಯಾಡಲ್ರಿ?"

"ಹಲಗೆ ಹಾಕಿದ್ರೆ ಸೇತುವೆ ಸರಿ ಆಗುದಿಲ್ಲ ಅಮ್ಮ. ಒಳಗೆ ನರ ಒತ್ತಿಕೊಂಡೇ ಇರ್ತದೆ. ಹದಿನೈದು ದಿನ, ಆಮೇಲೆ ವಾಪಸು."

ಪಟ್ಟಿಯನ್ನು ಆಗಾಗ ಅದರ ಡಬ್ಬಿಯಲ್ಲಿಟ್ಟು ಚಾರ್ಜ್ ಮಾಡಬೇಕು, ಆಗ ದಾಖಲೆಯೆಲ್ಲ ಹುಬ್ಬಳ್ಳಿಗೆ ಹೋಗುತ್ತದೆ ಎಂದೂ ಹೇಳಿಕೊಟ್ಟಳು. ನೀರು, ಧೂಳು, ಬಿಸಿಲು, ಮಗ್ಗದ ಅದುರು, ಯಾವುದಕ್ಕೂ ಪಟ್ಟಿ ಕೆಡದಂತೆ ಜೆಸಿಂತಾ ಮುಂಜಾಗ್ರತೆ ವಹಿಸಿದ್ದಳು. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಹಾಕಿಕೊಂಡಾರು ಎಂಬ ಯೋಚನೆ ಮಾತ್ರ ಅವಳಿಗೆ ಬಂದಿರಲಿಲ್ಲ. ಯಾರಿಗಾದರೂ ಯಾಕೆ ಬರಬೇಕು?

ಮರುದಿನ ಕಸ್ತೂರಿ ಮಗ್ಗಕ್ಕೆ ಕೂತು ನೂಲು ಮುಟ್ಟಿದಳು. ಬೆರಳಿಗೆ ನೂಲು ತಾಕಿತು. ಅಷ್ಟೇ. ಅಷ್ಟಕ್ಕೇ ಅವಳು ಇನ್ನೊಮ್ಮೆ, ಮತ್ತೊಮ್ಮೆ ಮುಟ್ಟಿ ನೋಡಿದಳು. ರೇಷ್ಮೆಯ ನುಣುಪು, ಹತ್ತಿಯ ಒರಟು ಎರಡೂ ಬೇರೆಬೇರೆಯಾಗಿ ತಿಳಿದವು. ಅಡುಗೆಮನೆಯ ಕಡೆ ತಿರುಗಿ, "ಅಕ್ಕಾ, ಬಂತು! ಕೈಗೆ ಜೀವ ಬಂತು!" ಎಂದು ಕೂಗಿದಳು.

ದಾನಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಓಡಿ ಬಂದಳು ಎಂದೆನೇ? ಗೋಡೆ ಹಿಡಿದುಕೊಂಡು ಬಂದಳು.

ದಾನಮ್ಮ ಮಲ್ಲೇಶಪ್ಪನ ಅಣ್ಣನ ಹೆಂಡತಿ. ಗಂಡ ತೀರಿಹೋಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಕಸ್ತೂರಿ ಹೊಸ ಸೊಸೆಯಾಗಿ ಬಂದಾಗ ಅವಳು ಬಡಿದ ಮೊದಲ ರೊಟ್ಟಿ ಮೂರು ಹೋಳಾಗಿ ಹಂಚಿಗೆ ಬಿದ್ದದ್ದನ್ನು ನೋಡಿ ದಾನಮ್ಮ ಹೇಳಿದ್ದಳು: "ಯವ್ವಾ, ನೀ ಮಗ್ಗಕ್ಕ ಕೂಡು, ನಾ ಒಲಿ ಮುಂದ ಕೂಡ್ತೀನಿ. ಇಬ್ಬರೂ ಬದುಕೋಣು." ಅಂದು ಹಂಚಿಕೊಂಡ ಕೆಲಸ ಇಂದಿಗೂ ಹಾಗೆಯೇ ಇತ್ತು. ಕೆಲಸ ಹಂಚಿಕೊಂಡಂತೆಯೇ ಉಳಿದದ್ದನ್ನೂ ಹಂಚಿಕೊಂಡಿದ್ದರು. ಒಬ್ಬಳಿಗೆ ಕೆಮ್ಮಿನ ಔಷಧ ತಂದರೆ ಇನ್ನೊಬ್ಬಳು ಕೆಮ್ಮಿಲ್ಲದಿದ್ದರೂ ಒಂದು ಮುಚ್ಚಳ ಕುಡಿಯುವಳು. ಮೊಣಕಾಲಿನ ಮುಲಾಮು ನಾಲ್ಕು ಮೊಣಕಾಲಿಗೂ ಒಂದೇ. ಚಾಳೀಸು ಕನ್ನಡಕ ಕೂಡ ಒಂದೇ: ದಾನಮ್ಮ ಕಾಳು ಆರಿಸಿದ ಮೇಲೆ ಕಸ್ತೂರಿ ಸೂಜಿ ಪೋಣಿಸಬೇಕು. ಡಾಕ್ಟರುಗಳು ಕೇಳಿದರೆ ಎದೆ ಒಡೆದುಕೊಂಡಾರು, ಆದರೆ ಆ ಮನೆಯಲ್ಲಿ ಬಂದದ್ದನ್ನು ಒಬ್ಬರೇ ಅನುಭವಿಸುವುದೆಂದರೆ ಪಾಪ ಮಾಡಿದಂತೆ.

ಹೀಗಿರುವಾಗ ಕಸ್ತೂರಿಯ ಕೈ ನೆಟ್ಟಗಾಗುತ್ತ ಬಂದಂತೆ ಅವಳ ಮನಸ್ಸು ಚುಚ್ಚತೊಡಗಿತು. ದಾನಮ್ಮನ ಕೈಯಿಂದ ತಂಬಿಗೆ ಜಾರುವುದನ್ನು ಅವಳು ಕೆಲವು ತಿಂಗಳಿಂದ ನೋಡುತ್ತಿದ್ದಳು. ರವಿಕೆಯ ಗುಂಡಿ ಹಾಕಲು ದಾನಮ್ಮನಿಗೆ ಹೊತ್ತು ಹಿಡಿಯುತ್ತಿತ್ತು. ಕೇಳಿದರೆ, "ವಯಸ್ಸು ಬಿಡತೈತೇನ? ಕೈನೂ ಜೋಮು, ಕಾಲೂ ಜೋಮು" ಎಂದು ತೇಲಿಸಿಬಿಡುವಳು.

ಒಂದು ಮುಂಜಾನೆ ದಾನಮ್ಮನ ಕೈಯಿಂದ ಮಜ್ಜಿಗೆಯ ಪಾತ್ರೆ ಬಿದ್ದು ಅಡುಗೆಮನೆಯೆಲ್ಲ ಬೆಳ್ಳಗಾಯಿತು. ಕಸ್ತೂರಿ ಎದ್ದು ಹೋಗಿ, ತನ್ನ ಕೊರಳಿನ ಪಟ್ಟಿ ಬಿಚ್ಚಿ, ಅವಳ ಕೊರಳಿಗೆ ಸುತ್ತಿದಳು.

"ಏ, ಇದೇನ? ನಿಂದು ನನಗ್ಯಾಕ?"

"ನನ್ನ ಜೋಮು ಹೋತಲ್ಲ, ನಿಂದೂ ಹೋಗಲಿ. ಎರಡ ದಿನ ಹಾಕ್ಕೋ. ನನಗೊಬ್ಬಾಕಿಗೇ ಆರಾಮಾದ್ರ ಅದೆಂಥಾ ಆರಾಮು?"

ತಾಲೀಮು ಪಟ್ಟಿ ಔಷಧವಲ್ಲ, ಅಳತೆಗೋಲು ಎಂಬುದು ಕಸ್ತೂರಿಯ ತಲೆಗೆ ಇಳಿದಿರಲೇ ಇಲ್ಲ. ತನ್ನ ಬೆರಳಿಗೆ ಜೋಮು ಮೆಲ್ಲಗೆ ಮರಳಿದರೂ ಎರಡು ದಿನದ ಮಾತು ಎಂದು ಸುಮ್ಮನಿದ್ದಳು. ದಾನಮ್ಮ ಪಟ್ಟಿ ಹಾಕಿಕೊಂಡೇ ರೊಟ್ಟಿ ಬಡಿದಳು, ಪಾತ್ರೆ ತಿಕ್ಕಿದಳು, ಮಲಗಿದಳು, ಎದ್ದಳು. ಎರಡು ದಿನವಾದ ಮೇಲೆ, "ನನಗೇನೂ ಫರಕ ಅನ್ಸಲಿಲ್ಲ. ನಿನ್ನ ದೇವರು ನಿನಗ ಒಲದಾನ" ಎಂದು ಬಿಚ್ಚಿ ಡಬ್ಬಿಯಲ್ಲಿಟ್ಟು ಚಾರ್ಜಿಗೆ ಹಚ್ಚಿದಳು.

ಅಂದೇ ಮಧ್ಯಾಹ್ನ ಹುಬ್ಬಳ್ಳಿಯಿಂದ ಫೋನು ಬಂತು. ಡಾಕ್ಟರ ಧ್ವನಿಯಲ್ಲಿ ಎಂದಿನ ನಗು ಇರಲಿಲ್ಲ.

"ಕಸ್ತೂರಿಯವರ, ಕುಂತು ಕೇಳ್ರಿ. ತಲೀ ಮ್ಯಾಲ ಏನೂ ಹೊರಬ್ಯಾಡ್ರಿ. ಬೈಕ್ ಮ್ಯಾಲ ಕೂಡಬ್ಯಾಡ್ರಿ. ಎಲ್ಲೂ ಜಾರಿ ಬೀಳಬ್ಯಾಡ್ರಿ. ನಾಳೆ ಮುಂಜಾನೆ ಕಾರು ಮಾಡ್ಕೊಂಡು ಬಂದುಬಿಡ್ರಿ, ಆಪರೇಶನ್ನಿಗೆ ತಯಾರಾಗಿ."

"ಯಾಕ್ರಿ? ಪಟ್ಟಿ ಹಾಕ್ಕೊಂಡ್ರ ಕೈ ಚಲೋ ಇರ್ತೈತಲ್ರಿ!"

"ಕೈ ಮಾತು ಬಿಡ್ರಿ. ಪಟ್ಟಿ ಕಳಿಸಿದ ಹೊಸ ದಾಖಲೆ ನೋಡಿದೆ. ಬೆನ್ನುಹುರಿ ಮ್ಯಾಲೇ ಒತ್ತು ಬಿದ್ದದ. ಇದು ಕಾಯೋ ಜಡ್ಡಲ್ಲ. ಬಿಟ್ರ ಕಾಲೂ ಹೋಗ್ತಾವ. ಒಮ್ಮೆ ಜೋರಾಗಿ ಬಿದ್ರ ಅವತ್ತೇ ಹೋಗ್ತಾವ."

ಕಸ್ತೂರಿ ಫೋನು ಇಟ್ಟು ಮಗ್ಗದ ಅಂಚಿಗೆ ಕೂತಳು. ಇಷ್ಟು ದಿನ ಕೈಯೋ ಗಂಟಲೋ ಎಂದು ತೂಗುತ್ತಿದ್ದಳು, ಈಗ ತಕ್ಕಡಿಯೇ ಮಗುಚಿತ್ತು. ಹೆದರಿಕೆ ಎಂದರೆ ಏನೆಂದು ಅವಳಿಗೆ ಆ ಸಂಜೆ ಗೊತ್ತಾಯಿತು. ನೇಯ್ದ ಖಣದ ಮೇಲೆ ಕೈ ಆಡಿಸುತ್ತ ಕೂತಳು. ಆಪರೇಶನ್ ಮೇಜಿನ ಮೇಲೆ ಮಲಗಿದ್ದನ್ನು ಕಲ್ಪಿಸಿಕೊಂಡಳು. ಗಂಟಲ ಬಳಿ ಕತ್ತಿ ಬಂದದ್ದನ್ನು ಕಲ್ಪಿಸಿಕೊಂಡಳು. ಎಚ್ಚರವಾಗದೇ ಹೋದರೆ? ಎಚ್ಚರವಾಗಿಯೂ ಮಾತು ಬಾರದಿದ್ದರೆ? ಎಲ್ಲವನ್ನೂ ಒಂದೊಂದಾಗಿ ಎದುರಿಗಿಟ್ಟುಕೊಂಡು ಅತ್ತಳು. ಅಳು ಮುಗಿದ ಮೇಲೆ ವಿಚಿತ್ರವಾಗಿ ಹಗುರವಾಯಿತು. ಇನ್ನು ಹೆದರಲು ಹೊಸದೇನೂ ಉಳಿದಿರಲಿಲ್ಲ. ಎದ್ದು ಬಂದು ಮಲ್ಲೇಶಪ್ಪನಿಗೂ ದಾನಮ್ಮನಿಗೂ ಹೇಳಿದಳು: "ಮಾಡಿಸ್ಕೋತೀನಿ. ಹೂಂ ಅಂದುಬಿಟ್ಟೆ."

"ನಾನೂ ಬರ್ತೀನಿ" ಎಂದಳು ದಾನಮ್ಮ. "ನೀ ಒಂದ ಕಡ್ಡೀನೂ ಎತ್ತಬ್ಯಾಡ. ಎಲ್ಲಾ ನಾ ನೋಡ್ಕೋತೀನಿ."

ಮಾತಿಗೆ ತಪ್ಪಲಿಲ್ಲ. ಬಟ್ಟೆಯ ಚೀಲ, ರೊಟ್ಟಿಯ ಬುತ್ತಿ, ನೀರಿನ ಕೊಡ, ಎಲ್ಲವನ್ನೂ ದಾನಮ್ಮ ತಾನೇ ಹೊತ್ತು ಕಾರಿಗೆ ತುಂಬಿದಳು. ಹೊಸ್ತಿಲಲ್ಲಿ ಎಡವಿ, ಬಾಗಿಲು ಹಿಡಿದು ಸಾವರಿಸಿಕೊಂಡಳು. ಕಸ್ತೂರಿಯ ತಲೆ ಅಲುಗದಂತೆ ದಾರಿಯುದ್ದಕ್ಕೂ ತನ್ನ ಭುಜವನ್ನು ಆಸರೆಯಾಗಿ ಕೊಟ್ಟಳು. ರಸ್ತೆಯ ಪ್ರತಿ ಗುಂಡಿಗೂ ಡ್ರೈವರನಿಗೆ ಬೈದಳು. ಆ ಗುಂಡಿಗಳು ಯಾರ ಜೀವಕ್ಕೆ ಕುತ್ತಾಗಿದ್ದವು ಎಂಬುದು ಕಾರಿನಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಕೇಂದ್ರದಲ್ಲಿ ಮೊದಲು ಹೊಸ ಸ್ಕ್ಯಾನ್ ಆಯಿತು. ಚಿತ್ರ ಕೈಗೆ ಬಂದಾಗ ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಕಸ್ತೂರಿಯ ಬೆನ್ನುಹುರಿಯ ಸುತ್ತ ಬೇಕಾದಷ್ಟು ಜಾಗವಿತ್ತು. ಎಲ್ಲೂ ಒತ್ತು ಇರಲಿಲ್ಲ. ಪಟ್ಟಿ ಒಂದು ಹೇಳುತ್ತದೆ, ಸ್ಕ್ಯಾನ್ ಇನ್ನೊಂದು ಹೇಳುತ್ತದೆ. ಎರಡರಲ್ಲಿ ಒಂದು ಸುಳ್ಳು. ಡಾಕ್ಟರು ಕಸ್ತೂರಿಯನ್ನು ಕರೆದುಕೊಂಡೇ ಜೆಸಿಂತಾಳ ಪರದೆಗಳ ಕೋಣೆಗೆ ಹೋದರು.

"ನನ್ನ ಪಟ್ಟಿ ಸುಳ್ಳು ಹೇಳುದಿಲ್ಲ ಡಾಕ್ಟ್ರೇ" ಎಂದಳು ಜೆಸಿಂತಾ. ಅವಳ ಕಣ್ಣು ಕೆಂಪಾಗಿತ್ತು; ಬೆಳಗಿನಿಂದ ಆ ದಾಖಲೆಯನ್ನೇ ಬಿಡಿಸಿ ನೋಡುತ್ತಿದ್ದಳು. "ಆದ್ರೆ ಒಂದು ನಂಗೂ ಅರ್ಥ ಆಗುದಿಲ್ಲ. ಇಷ್ಟು ದಿನ ಇವರ ಬಲಗೈ ಮಾತ್ರ ಹಗ್ಗ ಎಳೆಯುದು. ಕೊನೆಯ ಎರಡು ದಿನ ಎರಡೂ ಕೈ ಉಂಟು. ಬಡಿಯುದು, ತಿರುಗಿಸುದು, ಬಡಿಯುದು, ತಿರುಗಿಸುದು. ಇವರು ತಬಲ ಏನಾದ್ರೂ ಬಾರಿಸ್ತಾರಾ?"

ಪರದೆಯ ಗೆರೆ ಕುಣಿಯುತ್ತಿತ್ತು. ಡಾಕ್ಟರು ಅದನ್ನೇ ನೋಡುತ್ತ ಮೇಜಿನ ಮೇಲೆ ಅಂಗೈಯಿಂದ ತಾಳ ಹಾಕಿದರು. ಎರಡು ಸಲ ಹಾಕುವಷ್ಟರಲ್ಲಿ ಅವರ ಮುಖ ಅರಳಿತು.

"ತಬಲಾ ಅಲ್ಲವಾ ತಂಗಿ. ನೀವು ಗಂಜಿ ಉಣ್ಣೋ ಮಂದಿ, ನಿಮಗೆಲ್ಲಿ ತಿಳೀಬೇಕು. ಇದು ರೊಟ್ಟಿ ಬಡಿಯೋದು! ನಮ್ಮವ್ವನ ಕೈ ಹಿಂಗ ಆಡ್ತಿತ್ತು. ಕಸ್ತೂರಿಯವರ, ಮಗ್ಗ ಬಿಟ್ಟು ಎರಡ ದಿನ ರೊಟ್ಟಿ ಬಡದೀರೇನು?"

ಕಸ್ತೂರಿಗೆ ಅಂಥ ಹೊತ್ತಿನಲ್ಲೂ ನಗು ಬಂತು. "ನಾ ಬಡದ ರೊಟ್ಟಿ ನಾಯೀನೂ ಮೂಸಂಗಿಲ್ರಿ. ನಮ್ಮನ್ಯಾಗ ರೊಟ್ಟಿ ಅಂದ್ರ ಅಕ್ಕಂದು. ಆ ಎರಡ ದಿನ ಪಟ್ಟಿ ಆಕೀಗೆ ಹಾಕಿದ್ದೆ..."

ಜೆಸಿಂತಾ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡಳು. "ಯಾಕೆ ಕೊಟ್ರಿ ಮಾರಾಯ್ರೇ?"

"ಆಕೀಗೂ ಕೈ ಜೋಮ ಹಿಡೀತಿತ್ರಿ."

ಸುಳ್ಳು ಹೇಳುವುದೇಕೆ, ಮೊದಲ ಕ್ಷಣ ಕಸ್ತೂರಿಗೆ ಆದದ್ದು ಸಂತೋಷವೇ. ತನ್ನ ಕುತ್ತಿಗೆ ಉಳಿಯಿತು, ಕತ್ತಿ ತಪ್ಪಿತು ಎಂದು ಮೈಯೆಲ್ಲ ಹಗುರಾಯಿತು. ಮರುಕ್ಷಣವೇ ಅರ್ಥವಾಯಿತು. ಬೀಳಬಾರದು ಎಂದದ್ದು ಯಾರಿಗೆ? ಹೊರಬಾರದು ಎಂದದ್ದು ಯಾರಿಗೆ? ಮುಂಜಾನೆ ನೀರಿನ ಕೊಡ ಹೊತ್ತವರು ಯಾರು?

"ಡಾಕ್ಟರ, ಹಂಗಾದ್ರ ಆ ಬೆನ್ನುಹುರಿ ನಮ್ಮಕ್ಕಂದೇನ್ರಿ?"

"ಎಲ್ಲದಾರ ಅವ್ರು?"

"ಹೊರಗ ಅದಾಳ್ರಿ. ನನ್ನ ಚೀಲ ಕಾಯಾಕತ್ತಾಳ."

ಡಾಕ್ಟರು ಓಡಿದರು. ಆ ವಯಸ್ಸಿನಲ್ಲಿ, ಆ ಹೊಟ್ಟೆ ಹೊತ್ತು ಅವರು ಓಡಿದ್ದನ್ನು ನೋಡಿ ಕಸ್ತೂರಿಗೆ ಅವರ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ದಾನಮ್ಮ ಬೆಂಚಿನ ಮೇಲೆ ಹತ್ತಿ ನಿಂತು ಕಿಟಕಿಯ ಪರದೆ ಸರಿಸುತ್ತಿದ್ದಳು. ಕಸ್ತೂರಿ ಬಂದು ಕೂತಾಗ ಬಿಸಿಲು ಬೀಳಬಾರದೆಂದು. ಡಾಕ್ಟರು ಅವಳ ಎರಡೂ ತೋಳು ಹಿಡಿದು ಮೆಲ್ಲಗೆ ಇಳಿಸಿದರು.

"ಅವ್ವಾರ, ಮುಷ್ಟಿ ಬಿಗಿರಿ, ಬಿಚ್ಚರಿ. ಲಗೂಲಗೂ ಮಾಡ್ರಿ."

ದಾನಮ್ಮ ನಗುತ್ತ ಮಾಡಿದಳು. ಕೈ ಕೇಳಲಿಲ್ಲ. ಬೆರಳುಗಳು ಅರ್ಧ ತೆರೆದು, ತಡೆದು, ಮತ್ತೆ ಮುಚ್ಚಿಕೊಂಡವು. ಹಾಸುಗಲ್ಲಿನ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಿರಿ ಎಂದರೆ ಎರಡನೆಯ ಹೆಜ್ಜೆಗೇ ವಾಲಿದಳು. "ಈ ಆಸ್ಪತ್ರಿ ನೆಲಾನ ಜಾರತೈತಿ" ಎಂದಳು. ಡಾಕ್ಟರು ನಗಲಿಲ್ಲ. ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ನೇರ ಸ್ಕ್ಯಾನಿಗೆ ಕಳಿಸಿದರು.

ಚಿತ್ರ ಬಂದ ಮೇಲೆ ಅನುಮಾನ ಉಳಿಯಲಿಲ್ಲ. ಡಾಕ್ಟರು ಇಬ್ಬರನ್ನೂ, ಮಲ್ಲೇಶಪ್ಪನನ್ನೂ ಎದುರಿಗೆ ಕೂರಿಸಿಕೊಂಡರು.

"ಬೆನ್ನುಹುರಿ ಗಿಡದ ಬೊಡ್ಡಿ, ನರ ಅದರ ಟೊಂಗಿ ಅಂತ ತಿಳೀರಿ. ಕಸ್ತೂರಿಯವರದು ಟೊಂಗಿ ಒತ್ತೇದ. ಪಟ್ಟಿ ದಾಖಲೆಯೊಳಗ ಅವರ ನರ ತಾನಾಗೇ ದಿನಾ ಸುಧಾರಿಸಾಕತ್ತದ. ನಾನಂತೂ ಕಾಯ್ರಿ ಅಂತೀನಿ. ದಾನಮ್ಮನವರ, ನಿಮ್ಮದು ಬೊಡ್ಡೀನ ಒತ್ತೇದ. ಇದು ಕಾಯಂಗಿಲ್ಲ. ಇದ್ದದ್ದನ್ನ ಉಳಿಸ್ಕೊಳ್ಳಾಕ ಆಪರೇಶನ್ ಬೇಕು. ಹೋದದ್ದು ಎಷ್ಟು ವಾಪಸ್ ಬರ್ತದೋ ನಾ ಮಾತು ಕೊಡಾಕಾಗಂಗಿಲ್ಲ."

ದಾನಮ್ಮ ಇಷ್ಟು ಹೊತ್ತೂ ಬೇರೆ ಯಾರದೋ ಸುದ್ದಿ ಕೇಳುವವಳಂತೆ ಕೂತಿದ್ದಳು. ಈಗ ಸೆರಗು ಬಿಗಿದುಕೊಂಡಳು. "ನಾ ಬಂದದ್ದು ಇಕೀನ ನೋಡ್ಕೊಳ್ಳಾಕ. ನನಗೇನಾಗೇತಿ? ಗುಂಡಕಲ್ಲಿದ್ದಂಗ ಅದೀನಿ. ಆತು, ಇಕೀಗೆ ಕೊಟ್ಟಂಗ ನನಗೂ ಆ ತಾಲೀಮು ಕೊಡ್ರಿ. ನೋಡಿ ಹೇಳ್ತೀನಿ."

ಡಾಕ್ಟರು ಜೆಸಿಂತಾಳ ಕಡೆ ನೋಡಿದರು. ಜೆಸಿಂತಾ ತಲೆ ತಗ್ಗಿಸಿದಳು. "ಆಗುದಿಲ್ಲ ಅಮ್ಮ. ಒಂದು ನರವನ್ನು ದಾಟಿಸ್ಲಿಕ್ಕೆ ಬರ್ತದೆ. ಇಡೀ ಬೆನ್ನುಹುರಿಗೆ ಹಲಗೆ ಹಾಕ್ಲಿಕ್ಕೆ ನಮಗೆ ಇನ್ನೂ ಗೊತ್ತಿಲ್ಲ. ನಿಮಗೆ ತಾಲೀಮು ಇಲ್ಲ."

ನೋಡಿ, ಇದು ಎಂಥ ವಿಪರ್ಯಾಸ. ಆತುರವಿಲ್ಲದವಳಿಗೆ ನಾಳೆಯನ್ನು ಮುಂಚೆಯೇ ಬದುಕಿ ನೋಡುವ ಅನುಕೂಲ ಸಿಕ್ಕಿತ್ತು. ತೀರ್ಮಾನ ಮಾಡಲೇಬೇಕಾದವಳು ಹಿಂದಿನ ಕಾಲದವರ ಹಾಗೆ ಕಣ್ಣು ಮುಚ್ಚಿ ಹೆಜ್ಜೆ ಇಡಬೇಕಿತ್ತು.

"ಹಂಗಾದ್ರ ಬ್ಯಾಡ" ಎಂದಳು ದಾನಮ್ಮ. "ನನಗ ಹೆದರಿಕಿ ಆಗ್ತೈತಿ. ಗಂಡ ಇಲ್ಲ, ಮಕ್ಕಳಿಲ್ಲ. ನಾ ಉಳದು ಯಾರಿಗೇನ ಆಗಬೇಕಾ?"

ಕಸ್ತೂರಿಗೆ ಸಿಟ್ಟು ಬಂತು. ಅಷ್ಟು ವರ್ಷದಲ್ಲಿ ದಾನಮ್ಮನ ಮೇಲೆ ಬಾರದ ಸಿಟ್ಟು. ಕುರ್ಚಿ ಎಳೆದುಕೊಂಡು ಅವಳ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು.

"ಅಕ್ಕಾ, ನಿನ್ನೆ ಸಂಜೀಕ ನಾ ಮಗ್ಗದ ಮುಂದ ಕುಂತು ಅತ್ತದ್ದು ನೋಡೀಯೇನ?"

"ನೋಡೀನಿ."

"ಯಾರ ಕುತಗಿ ಸಲುವಾಗಿ ಅತ್ತೆ? ನಂದಂತ ತಿಳದು ಅತ್ತೆ. ಖರೇ ನೋಡಿದ್ರ ಆ ಕುತಗಿ ನಿಂದು. ಸಾಯ್ತೀನಂತ ಹೆದರಿದೆ, ಮಾತು ಹೋಗ್ತಾವಂತ ಹೆದರಿದೆ. ಎಲ್ಲಾ ಹೆದರಿ ಮುಗಿಸಿ ಹೂಂ ಅಂದೆ. ಆ ಹೆದರಿಕೀನೂ ನಿಂದು, ಆ ಹೂಂನೂ ನಿಂದು. ನಾ ಬರೇ ತಿಳೀದ ನಿನ್ನ ಪಾಲಿಂದು ತೀರಿಸಿ ಇಟ್ಟೀನಿ. ಈಗ ತಗೋ. ನಿನಗಲ್ದ ಅದನ್ನ ಯಾರಿಗೆ ಕೊಡ್ಲಿ ನಾನು?"

ದಾನಮ್ಮ ಅವಳನ್ನೇ ನೋಡಿದಳು.

"ಯಾರಿಗೇನ ಆಗಬೇಕಂತ ಕೇಳ್ತಿ" ಎಂದಳು ಕಸ್ತೂರಿ, ಈಗ ಅಳುತ್ತ. "ನನಗ ಆಗಬೇಕು. ಬಾಯಿ ಬಿಟ್ಟು ಎಂದೂ ಹೇಳಿಲ್ಲ, ಹೇಳೋ ರೂಢಿ ನಮ್ಮ ಮನ್ಯಾಗ ಇಲ್ಲ. ಇವತ್ತ ಹೇಳ್ತೀನಿ. ನೀ ಬೇಕು ನನಗ."

ದಾನಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹೆದರೂದು ನೀ ಮುಗಿಸೀದಿ, ಹೂಂ ಅನ್ನೂದೂ ನೀ ಮುಗಿಸೀದಿ. ಹಂಗಾದ್ರ ನನಗ ಉಳದದ್ದು ಮಲಕೊಳ್ಳೂದೊಂದ ಹೌದಲ್ಲೋ?" ಎಂದು ಡಾಕ್ಟರ ಕಡೆ ತಿರುಗಿದಳು. "ಎಲ್ಲಿ ಮಲಕೋಬೇಕ್ರಿ?"

ಮರುದಿನ ಮುಂಜಾನೆ ದಾನಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಕಸ್ತೂರಿ ಮತ್ತು ಮಲ್ಲೇಶಪ್ಪ ಬಾಗಿಲ ಬಳಿ ಕೂತರು. ಪಟ್ಟಿ ತೆಗೆದಿದ್ದರಿಂದ ಕಸ್ತೂರಿಯ ಹೆಬ್ಬೆರಳಿಗೆ ಹಳೆಯ ಚುಳುಚುಳು ಮರಳಿತ್ತು. ಅದರ ಕಡೆ ಅವಳ ಗಮನವಿರಲಿಲ್ಲ. ಜೆಸಿಂತಾ ಎರಡು ಕಪ್ ಚಹಾ ತಂದು ಕೊಟ್ಟು ಪಕ್ಕದಲ್ಲೇ ಕೂತಳು.

"ನಿನ್ನೆ ಕೂತು ಪಟ್ಟಿಗೆ ಬೀಗ ಹಾಕುವ ಪ್ರೋಗ್ರಾಂ ಬರೆದೆ" ಎಂದಳು. "ಬೇರೆಯವರು ಹಾಕಿದ್ರೆ ಗುರುತು ಹಿಡಿದು ಬಂದ್ ಆಗುವ ಹಾಗೆ. ಡಾಕ್ಟ್ರಿಗೆ ತೋರಿಸಿದೆ. ಬಂದ್ ಮಾಡ್ಬೇಡ, ಗುರುತು ಹಿಡಿದು ಬೇರೆ ಲೆಕ್ಕ ಇಟ್ಟುಕೊಳ್ಳುವ ಹಾಗೆ ಮಾಡು ಅಂದ್ರು. ಇನ್ನು ಮುಂದೆ ಪಟ್ಟಿ ಯಾರ ಮನೆಗೆ ಹೋದ್ರೂ, ಆ ಮನೆಯಲ್ಲಿ ಕೈ ಜೋಮು ಅನ್ನುವ ಎಲ್ಲರೂ ಒಂದೊಂದು ದಿನ ಹಾಕ್ಬೇಕಂತೆ. ನಾನು ಆರು ವರ್ಷ ಈ ಪಟ್ಟಿಯ ಹಿಂದೆ ಬಿದ್ದಿದ್ದೇನೆ. ಅದಕ್ಕೆ ಇಂಥದ್ದೊಂದು ಉಪಯೋಗ ಉಂಟು ಅಂತ ನೀವು ತೋರಿಸಿಕೊಟ್ರಿ."

"ನಾವೇನ ತೋರಸಿಲ್ಲವಾ. ತಿಳೀದ ಮಾಡಿದ್ದು."

"ಬಯ್ಯಬೇಕು ಅಂತ ಇದ್ದೆ" ಎಂದು ಜೆಸಿಂತಾ ನಕ್ಕಳು. "ಬಯ್ಲಿಕ್ಕೆ ಬಾಯಿ ಬರುದಿಲ್ಲ."

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಟೊಪ್ಪಿಗೆ ತೆಗೆದು, ಒಬ್ಬರೇ ಬರ್ರಿ ಎಂದರು. ಕಸ್ತೂರಿ ಹೋದಳು. ದಾನಮ್ಮನ ಕೊರಳಿಗೆ ಬಿರುಸಾದ ಬಿಳಿ ಪಟ್ಟಿ ಹಾಕಿ ಮಲಗಿಸಿದ್ದರು. ಕಣ್ಣು ತೆರೆದಿದ್ದಳು. ಮುಖ ಸೋತಿತ್ತು, ಆದರೆ ಅದು ಅವಳದೇ ಮುಖ, ಬೈಯಲು ತಯಾರಾಗಿರುವ ಮುಖ. ಕಸ್ತೂರಿಗೆ ಆ ಮುಖ ನೋಡಿ ಡಾಕ್ಟರಿಗೂ, ಜೆಸಿಂತಾಗೂ, ಹೆಸರೇ ಗೊತ್ತಿಲ್ಲದ ನರ್ಸುಗಳಿಗೂ, ಎಲ್ಲ ದೇವರುಗಳಿಗೂ ಒಟ್ಟಿಗೇ ಕೈ ಮುಗಿಯಬೇಕೆನ್ನಿಸಿತು.

"ಕಾಲು ಆಡಸ್ಯಾರ. ಇನ್ನ ಕೈ ನೋಡೋಣು" ಎಂದರು ಡಾಕ್ಟರು. "ನಿಮ್ಮ ಕೈ ಕೊಡ್ರಿ ಕಸ್ತೂರಿಯವರ. ದಾನಮ್ಮನವರ, ಒತ್ತರಿ ಅದನ್ನ. ಎಷ್ಟಾಗ್ತದ ಅಷ್ಟು."

ಕಸ್ತೂರಿ ತನ್ನ ಬಲಗೈಯನ್ನು ಅವಳ ಅಂಗೈಯಲ್ಲಿಟ್ಟಳು. ದಾನಮ್ಮನ ಬೆರಳುಗಳು ಮೆಲ್ಲನೆ ಮಡಿಚಿಕೊಂಡವು. ಆಮೇಲೆ ಬಿಗಿಯಾದವು. ಇಷ್ಟು ಬೇಗ ಇಷ್ಟು ಶಕ್ತಿಯನ್ನು ಡಾಕ್ಟರೂ ನಿರೀಕ್ಷಿಸಿರಲಿಲ್ಲ. ಆ ಹಿಡಿತಕ್ಕೆ ಕಸ್ತೂರಿಯ ಹೆಬ್ಬೆರಳಿನಿಂದ ಎದ್ದ ಚಳುಕು ತೋಳು ದಾಟಿ ಭುಜಕ್ಕೇರಿತು. ಅವಳ ಮುಖ ಕಿವುಚಿದ್ದು ದಾನಮ್ಮನಿಗೆ ಕಂಡಿತು.

"ನೋಯಾಕತ್ತೈತೇನ?" ಗೊಗ್ಗರು ಧ್ವನಿ, ಉಸಿರಿನಷ್ಟೇ. "ಬಿಡಲೇನ?"

"ನೋಯ್ತೈತಿ. ಬಿಡಬ್ಯಾಡ" ಎಂದಳು ಕಸ್ತೂರಿ, ಕಣ್ಣೀರು ಒರೆಸಿಕೊಳ್ಳಲೂ ಕೈ ತೆಗೆಯದೆ. "ಈ ನೋವು ನನಗ ಬರದಿದ್ರ ಆ ಪಟ್ಟಿ ನಮ್ಮ ಮನೀ ಬಾಗಿಲಿಗೇ ಬರ್ತಿರಲಿಲ್ಲಕ್ಕಾ. ಇದು ಇನ್ನೊಂದಿಷ್ಟ ದಿನ ಇರಲಿ ಬಿಡು, ನನಗ ಬ್ಯಾಸರಿಲ್ಲ."

ದಾನಮ್ಮ ಇನ್ನಷ್ಟು ಜೋರಾಗಿ ಹಿಡಿದಳು.